ಮೂರು ಪಟ್ಟಿಯ ಕಟ್ಟು

ಬೆಂಕಿಕಡ್ಡಿಯ ತುದಿಯನ್ನು ಹಲ್ಲಲ್ಲಿ ಕಚ್ಚಿ ಚೂಪು ಮಾಡಿಕೊಂಡು ಸೊಸೆ ಮಾವನ ಬಲಗೈ ಉಗುರುಗಳ ಕೊಳೆ ಬಿಡಿಸುತ್ತಿದ್ದಳು. ಹೆಬ್ಬೆರಳು ಮುಗಿದಿತ್ತು. ತೋರುಬೆರಳಿನ ಉಗುರಿನಡಿ ಬಿಳಿಪುಡಿ ಗಟ್ಟಿಯಾಗಿ ಕೂತಿತ್ತು, ಕೆದಕಿದಷ್ಟೂ ಬರುತ್ತಿತ್ತು. ಗೋಡೆಯ ಸುಣ್ಣ. ಮಂಚಕ್ಕೂ ಗೋಡೆಗೂ ನಡುವಿನ ಸಂದಿಗೆ ಕೈ ಇಳಿಬಿಟ್ಟು ಕೆರೆಯುವುದು ಅವರಿಗೆ ಚಟವಾಗಿತ್ತು. ಬೇಡ ಮಾವ ಎಂದರೆ ಕೈ ಎಳೆದುಕೊಳ್ಳುವರು. ಅವಳು ಬೆನ್ನು ತಿರುಗಿಸಿದೊಡನೆ ಮತ್ತೆ ಇಳಿಬಿಡುವರು. ಹದಿಮೂರು ತಿಂಗಳಿಂದ ದಿನ ಬಿಟ್ಟು ದಿನ ಈ ಸುಣ್ಣ ತೆಗೆದು ತೆಗೆದು, ಇವತ್ತು ಯಾಕೆ ತೆಗೆಯುತ್ತಿದ್ದೇನೆಂದು ಕೇಳಿಕೊಳ್ಳುವುದೂ ಅವಳಿಗೆ ಹೊಳೆದಿರಲಿಲ್ಲ.

ಎಡಗೈಯ ಉಗುರುಗಳು ಚೊಕ್ಕಟವಾಗಿದ್ದವು. ಕೆಲಸ ಮಾಡದ ಕೈಗೆ ಕೊಳೆ ಎಲ್ಲಿಂದ ಬರಬೇಕು.

"ಕತ್ತು ನೋಡ್ರೋ, ಕತ್ತು," ಎಂದಳು ದೊಡ್ಡ ನಾದಿನಿ ಬಾಗಿಲಲ್ಲಿ ನಿಂತು. ಬೆಳಗಿನ ಮೊದಲ ಬಸ್ಸಿಗೆ ಬಂದಿದ್ದಳು. ಅತ್ತಾಗಿತ್ತು, ಈಗ ಕೆಲಸ ಹೇಳುವುದಕ್ಕೆ ತೊಡಗಿದ್ದಳು. "ಹೀಗೆ ಒಂದು ಕಡೆ ವಾಲಿಸಿಕೊಂಡೇ ಕಳಿಸ್ತೀರಾ ನಮ್ಮಪ್ಪನ್ನ?"

ಅವಳ ತಮ್ಮ, ಸೊಸೆಯ ಗಂಡ, ತಂದೆಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ನೇರ ಮಾಡಲು ನೋಡಿದ. ಅದು ಬಲಕ್ಕೆ ಬಿಗಿದುಕೊಂಡಿತ್ತು, ಬರಲಿಲ್ಲ.

"ಬಿಡಪ್ಪ, ಒತ್ತಬೇಡ," ಎಂದ ಗಾಜಿನಣ್ಣ. ಮೂವತ್ತು ವರ್ಷ ಒಂದೇ ಅಂಗಡಿಯಲ್ಲಿ ಮಾವ ಫೋಟೋಗಳಿಗೆ ಕಟ್ಟು ಹಾಕಿದರೆ ಇವನು ಗಾಜು ಕೊಯ್ದವನು. ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೇ ಮರೆತುಹೋಗಿರಬೇಕು. "ಬೇರೆಯವರ ಫೋಟೋ ಎಲ್ಲ ನೆಟ್ಟಗೆ ನಿಲ್ಲಿಸಿದವರು. ತಾವು ಮಾತ್ರ ಸೊಟ್ಟ ಹೋಗ್ತೀನಿ ಅಂತ ಹಟ."

ಯಾರೂ ನಗಲಿಲ್ಲ. ಅವನೂ ನಗಿಸಲೆಂದು ಹೇಳಿದ್ದಲ್ಲ.

ಆ ಬೀದಿಯಲ್ಲಿ ಸತ್ತವರನ್ನು ಎಲ್ಲರೂ ಕರೆಯುತ್ತಿದ್ದದ್ದು ಮೂಲೆಮಟ್ಟ ಎಂದು. ಕಟ್ಟಿನ ಮೂಲೆ ಕೂದಲೆಳೆಯಷ್ಟು ಆಚೀಚೆಯಾದರೂ ಮೊಳೆ ಕಿತ್ತು, ಪಟ್ಟಿ ಬಿಚ್ಚಿ, ಮತ್ತೆ ಕೊಯ್ದು ಹೊಡೆಯುವರು. ಗಿರಾಕಿ ಅವಸರ ಮಾಡಿದರೆ, "ನಿಮಗೆ ಬೇಕಾಗಿರೋದು ಇವತ್ತು. ಇದು ಗೋಡೆ ಮೇಲಿರೋದು ಐವತ್ತು ವರ್ಷ," ಎನ್ನುವರು. ಅದಕ್ಕಿಂತ ಉದ್ದದ ಮಾತು ಅವರ ಬಾಯಿಂದ ಬಂದದ್ದು ಕಡಿಮೆ.

ಮಗನೂ ಗಾಜಿನಣ್ಣನೂ ಹಿಂದೊಬ್ಬ ಮುಂದೊಬ್ಬ ಹಿಡಿದು ಅವರನ್ನು ನಡುಮನೆಯ ಬೆಂಚಿನ ಮೇಲಕ್ಕೆ ಎತ್ತಿದರು. ಎತ್ತುವಾಗ ಇಬ್ಬರೂ ತುಸು ತಡಬಡಾಯಿಸಿದರು. ಭಾರಕ್ಕೆ ಸಿದ್ಧವಾಗಿದ್ದ ತೋಳುಗಳಿಗೆ ಭಾರ ಸಿಕ್ಕಿರಲಿಲ್ಲ.

"ಏನಿದು," ಎಂದಳು ನಾದಿನಿ. ಹತ್ತಿರ ಬಂದು ತಂದೆಯ ಮುಂಗೈಯನ್ನು ಹೆಬ್ಬೆರಳು ತೋರುಬೆರಳುಗಳಲ್ಲಿ ಸುತ್ತಿ ಹಿಡಿದಳು. ಬೆರಳುಗಳು ಕೂಡಿ, ಇನ್ನೂ ಜಾಗ ಉಳಿಯಿತು. "ನಾಲ್ಕು ತಿಂಗಳ ಹಿಂದೆ ನೋಡಿದಾಗ ಹೀಗಿರಲಿಲ್ಲ. ಊಟ ಮಾಡ್ತಿದ್ರಾ?"

"ಮಾಡ್ತಿದ್ರು ಅಕ್ಕ," ಎಂದಳು ಸೊಸೆ. "ಅರ್ಧ ಬಿಡ್ತಿದ್ರು."

"ನಮ್ಮಮ್ಮ ಇರೋವರೆಗೆ ತಟ್ಟೇಲಿ ಒಂದು ಅಗುಳು ಬಿಟ್ಟೋರಲ್ಲ."

ಬಾಗಿಲ ಬಳಿ ನಿಂತಿದ್ದ ನೆರೆಯವರು ನೆಲ ನೋಡಿದರು. ಸೊಸೆ ಬೆಂಕಿಕಡ್ಡಿಯನ್ನು ಸೆರಗಿನ ತುದಿಗೆ ಒರೆಸಿದಳು.

*

ಅರ್ಧ ತಟ್ಟೆಯ ಕತೆ ಶುರುವಾದದ್ದು ಹದಿನಾಲ್ಕು ತಿಂಗಳ ಹಿಂದೆ, ಮಾವ ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ದಿನವೇ. ಎಡಗೈ, ಎಡಗಾಲು ಸೋತಿದ್ದವು, ಮಾತು ಉಳಿದಿತ್ತು, ಬಲಗೈ ಮೊದಲಿನಂತೆಯೇ ಆಡುತ್ತಿತ್ತು. ಮಾವನಿಗೆ ಇಷ್ಟವೆಂದು ಅವಳು ಮೆತ್ತಗೆ ಬೇಯಿಸಿದ ತರಕಾರಿಯನ್ನು ತಟ್ಟೆಯ ಒಂದು ಪಕ್ಕಕ್ಕೆ, ಅನ್ನವನ್ನು ಇನ್ನೊಂದು ಪಕ್ಕಕ್ಕೆ ಬಡಿಸಿ ಮುಂದಿಟ್ಟಳು. ಅವರು ಅನ್ನವನ್ನಷ್ಟೇ ತಿಂದು ಕೈ ಒರೆಸಿಕೊಂಡರು. ತರಕಾರಿ ಮುಟ್ಟಿರಲಿಲ್ಲ.

ಮಾರನೆಯ ದಿನ ಎಲ್ಲ ಕಲಸಿ ಕೊಟ್ಟಳು. ಆಗಲೂ ಅರ್ಧ ಉಳಿಯಿತು, ಚಾಕುವಿನಲ್ಲಿ ಕೊಯ್ದು ಭಾಗ ಮಾಡಿದಂತೆ.

"ಇನ್ನೂ ಸ್ವಲ್ಪ ಹಾಕಮ್ಮ," ಎಂದರು ಮಾವ.

"ಮೊದಲು ತಟ್ಟೇಲಿರೋದು ತಿನ್ನಿ ಮಾವ."

ಅವರು ತಟ್ಟೆ ನೋಡಿದರು. ಕೆಟ್ಟ ಕಟ್ಟೊಂದನ್ನು ನೋಡುವಾಗಿನ ಅದೇ ಗಮನದಿಂದ ನೋಡಿದರು. "ತಟ್ಟೇಲಿ ಏನೂ ಇಲ್ಲವಲ್ಲ," ಎಂದರು.

ಅವಳಿಗೆ ಅದು ಕೆನ್ನೆಗೆ ಹೊಡೆದಂತಾಯಿತು. ನೀನು ಮಾಡಿದ್ದು ಊಟವೇ ಅಲ್ಲ ಎಂದು ಇಷ್ಟು ತಣ್ಣಗೆ ಹೇಳುವವರನ್ನು ಅವಳು ಕಂಡಿರಲಿಲ್ಲ. ತನ್ನ ತಾಯಿ ಎರಡು ವರ್ಷ ಹಾಸಿಗೆ ಹಿಡಿದಾಗ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡವಳು ಅವಳು. ರೋಗಿಗಳ ಸಿಟ್ಟು, ಸೆಡವು ಎಲ್ಲ ಗೊತ್ತಿತ್ತು. ತಟ್ಟೆ ಎತ್ತಿಕೊಂಡು ಹೋದಳು.

ಎರಡು ತಿಂಗಳು ಹೀಗೇ ಎಸೆದು ಎಸೆದು ಸಾಕಾಗಿ, ಒಂದು ದಿನ, ಅರ್ಧ ಬಿಡುವವರಿಗೆ ಅರ್ಧ ಬಡಿಸಿದರಾಯಿತು ಎಂದುಕೊಂಡಳು. ಅದರಲ್ಲಿ ಕೋಪಕ್ಕಿಂತ ಲೆಕ್ಕಾಚಾರವೇ ಹೆಚ್ಚಿತ್ತು. ಒಂದು ಸೌಟು ಹಾಕಿ ತಟ್ಟೆಯ ತುಂಬ ತೆಳ್ಳಗೆ ಹರಡಿದಳು. ಮಾವ ಅದರಲ್ಲೂ ಅರ್ಧ ಬಿಟ್ಟರು. ಬಿಡಲಿ, ಅವರ ಹಟ ಅವರಿಗೆ ಎಂದಳು ಗಂಡನಿಗೆ. ಇನ್ನೂ ಸ್ವಲ್ಪ ಹಾಕು ಎಂದು ಮಾವ ಕೆಲವು ದಿನ ಕೇಳಿದರು. ಆಮೇಲೆ ಕೇಳುವುದನ್ನು ಬಿಟ್ಟರು.

ಮಿಕ್ಕದ್ದೂ ಹೀಗೆಯೇ ಒಂದೊಂದಾಗಿ ಅವರ ಕೈಯಿಂದ ಜಾರಿತು. ಅಂಗಿಯ ಎಡತೋಳು ಹಾಕಿಕೊಳ್ಳದೆ, ಅದನ್ನು ಬಾಲದಂತೆ ಬೆನ್ನ ಹಿಂದೆ ಜೋತುಬಿಟ್ಟುಕೊಂಡು ಬಂದು ಕೂತರು. ಮೊದಲ ಸಲ ಮನೆಯವರು ನಕ್ಕರು, ಎರಡನೆಯ ಸಲ ಗದರಿದರು, ಮೂರನೆಯ ಸಲದಿಂದ ಮಗನೇ ತೊಡಿಸಿದ. ಕೋಲೂರಿಕೊಂಡು ಅಂಗಡಿಯವರೆಗೆ ನಡೆಯುತ್ತಿದ್ದವರು ಬಾಗಿಲಿನ ಎಡದ ಚೌಕಟ್ಟಿಗೆ ಹೋಗಿ ಹಣೆ ಬಡಿಸಿಕೊಂಡು ರಕ್ತ ಸುರಿಸಿದರು. ಅವತ್ತಿನಿಂದ, ಮೊದಲ ತಿಂಗಳಲ್ಲೇ, ನಡಿಗೆಯೂ ನಿಂತಿತು. ಬೀಳಬಾರದೆಂದು ಮಗ ಮಂಚವನ್ನು ಮೂಲೆಗೆ ತಳ್ಳಿ, ಬಲಮಗ್ಗುಲನ್ನು ಕೈ ಇಳಿಯುವಷ್ಟೇ ಸಂದಿ ಬಿಟ್ಟು ಗೋಡೆಗೆ ಸೇರಿಸಿ, ಸರಿಯದಂತೆ ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟ. ಬಾಗಿಲು, ಕಿಟಕಿ, ಬಂದು ಹೋಗುವವರು ಎಲ್ಲ ಎಡಕ್ಕೆ. ಬಲಕ್ಕೆ ಗೋಡೆ.

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿಕೊಂಡೆವು ಎಂದು ಅವರಿಬ್ಬರೂ ನಂಬಿದ್ದರು.

*

ಸ್ಮಶಾನದ ವ್ಯಾನು ಮಧ್ಯಾಹ್ನಕ್ಕೆ ಎಂದಿದ್ದರು. ಹನ್ನೊಂದರ ಹೊತ್ತಿಗೆ ಗಾಜಿನಣ್ಣ ಅಂಗಡಿಗೆ ಹೋಗಿ, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಏನನ್ನೋ ಕಂಕುಳಲ್ಲಿ ಇಟ್ಟುಕೊಂಡು ಹಿತ್ತಲ ಬಾಗಿಲಿಂದ ಅಡುಗೆಮನೆಗೆ ಬಂದ. ಬಿಚ್ಚಿದರೆ ಮಾವನ ಫೋಟೋ, ಕಟ್ಟಿನೊಳಗೆ. ಮೂರು ಪಟ್ಟಿ ಕಡುಕಂದು. ಒಂದು ಪಟ್ಟಿ ಹೊಸದು, ಬಿಳಚಿಕೊಂಡ ಮರ.

"ಬಣ್ಣ ಕೂಡಿಸೋಕೆ ಹೊತ್ತಿರಲಿಲ್ಲಮ್ಮ," ಎಂದ. "ಮೂರು ಕಡೆ ಅವರದು, ಒಂದು ಕಡೆ ನಂದು."

"ಅವರದು ಅಂದ್ರೆ?"

ಗಾಜಿನಣ್ಣ ನಡುಮನೆಯ ಕಡೆ ನೋಡಿ ದನಿ ಇಳಿಸಿದ. "ಆಸ್ಪತ್ರೆಯಿಂದ ಬಂದ ಮೇಲೆ ಹದಿನೈದಿಪ್ಪತ್ತು ದಿನ ಅಂಗಡಿಗೆ ಬರ್ತಿದ್ರಲ್ಲ. ಬಂದು ಸುಮ್ನೆ ಕೂತಿರ್ತಿರಲಿಲ್ಲ. ನಾನು ಪಟ್ಟಿ ಹಿಡ್ಕೋತಿದ್ದೆ, ಅವರು ಒಂದೇ ಕೈಯಲ್ಲಿ ಮೊಳೆ ಹೊಡೀತಿದ್ರು. ಮೂಲೆ ನೋಡಬೇಕಿತ್ತು ನೀನು, ನೀರು ಸೋರಲ್ಲ. ಆದರೆ ಮೂರೇ ಪಟ್ಟಿ. ಮೂರು ಹೊಡೆದು, ಆಯ್ತು ತಗೋ ಅಂತ ನನ್ನ ಕೈಗೆ ಕೊಡೋರು. ನಾನು ಏನು ಹೇಳಲಿ? ಮೂಲೆಮಟ್ಟಂಗೆ ಮೂಲೆ ಹೇಳಿಕೊಡ್ಲಾ? ಚೆನ್ನಾಗಿದೆ ಅಣ್ಣ ಅಂತಿದ್ದೆ. ಅವರು ಹೋದ ಮೇಲೆ ನಾಲ್ಕನೇದು ಹೊಡೀತಿದ್ದೆ. ಇದೊಂದು ಹಾಗೇ ಇಟ್ಟಿದ್ದೆ."

"ಯಾರಿಗೂ ಹೇಳಲಿಲ್ಲ ನೀವು."

"ಹೇಳಿ ಅವರ ಮಾನ ಕಳೀಲಾ?"

ಕಟ್ಟೆಯ ಬಳಿ ಲೋಟ ತೊಳೆಯುತ್ತಿದ್ದ ಹೆಂಗಸು ನಲ್ಲಿ ನಿಲ್ಲಿಸಿದಳು. ಆಸ್ಪತ್ರೆಯಲ್ಲಿ ಎದುರು ಹಾಸಿಗೆಯವನ ಹೆಂಡತಿ ಅವಳು. ಅವಳ ಗಂಡನಿಗೂ ಮಾವನಿಗೂ ಒಂದೇ ವಾರದಲ್ಲಿ ಸ್ಟ್ರೋಕ್ ಹೊಡೆದಿತ್ತು, ಇಬ್ಬರಿಗೂ ಎಡಗಡೆಯೇ. ಮೂರು ವಾರ ಒಂದೇ ಫ್ಲಾಸ್ಕಿನ ಬಿಸಿನೀರು ಹಂಚಿಕೊಂಡವರು. ಸುದ್ದಿ ಕೇಳಿ ಬಂದವಳು, ಯಾರೂ ಹೇಳದೆಯೇ ಅಡುಗೆಮನೆಗೆ ನಡೆದು ಪಾತ್ರೆಗೆ ಕೈ ಹಾಕಿದ್ದಳು.

"ಅಣ್ಣಾ, ಬಿಟ್ಟಿದ್ದು ಯಾವ ಕಡೆ ಪಟ್ಟಿ?"

ಗಾಜಿನಣ್ಣ ಬಿಳಚಿದ ಪಟ್ಟಿಯ ಮೇಲೆ ಕೈಯಿಟ್ಟ. "ಎಡಗಡೆ. ಯಾವಾಗಲೂ ಎಡಗಡೆದೇ."

"ಹೂಂ. ನಮ್ಮೋರೂ ಹಾಗೇ," ಎಂದಳು ಅವಳು ಕೈ ಒರೆಸಿಕೊಳ್ಳುತ್ತ. "ಎಡಗೆನ್ನೆ ಗಡ್ಡ ಹಾಗೇ ಬಿಡೋರು. ತಟ್ಟೇಲಿ ಎಡಗಡೆ ಅರ್ಧ ಹಾಗೇ ಬಿಡೋರು. ಕಣ್ಣು ಚೆನ್ನಾಗೇ ಇರುತ್ತಂತೆ. ಎಡಗಡೆ ಅಂತ ಒಂದಿದೆ ಅನ್ನೋದನ್ನೇ ತಲೆ ಮರೆತುಬಿಡುತ್ತಂತೆ. ಆ ಕಡೆ ನಿಂತು ಮಾತಾಡಿಸಿದರೆ ಈ ಕಡೆ ಹುಡುಕ್ತಾರೆ. ನಿಮಗೂ ಹೇಳಿದ್ರಲ್ಲ, ತಟ್ಟೆ ತಿರುಗಿಸಿ ಅಂತ."

ಸೊಸೆ ಬೆಡ್‌ಶೀಟನ್ನು ಮಡಚತೊಡಗಿದಳು.

"ತಿರುಗಿಸಿದ್ರೆ ಮಿಕ್ಕಿದ್ದೂ ತಿಂದುಬಿಡ್ತಾರೆ ಪಾಪ. ನಾನು ತಟ್ಟೆ ಎಡ ಅಂಚಿಗೆ ಕೆಂಪು ಪಟ್ಟಿ ಅಂಟಿಸಿದ್ದೆ. ಕೆಂಪು ಹುಡುಕ್ರೀ ಅಂತಿದ್ದೆ, ಕತ್ತು ತಿರುಗಿಸಿ ತಿರುಗಿಸಿ ಹುಡುಕೋರು. ಆರು ತಿಂಗಳು ನನ್ನ ಪ್ರಾಣ ತಿಂದ್ರು. ಈಗ ಅಂಗಿ ತಾವೇ ಹಾಕ್ಕೋತಾರೆ. ಮೊದಲು ಎಡತೋಳು, ಮೊದಲು ಎಡತೋಳು ಅಂತ ಮಗ್ಗಿ ಹೇಳ್ಕೊಂಡು." ಅವಳು ನಗಲು ಹೋಗಿ, ಯಾವ ಮನೆಯಲ್ಲಿದ್ದೇನೆಂದು ನೆನಪಾಗಿ, ನಿಲ್ಲಿಸಿದಳು. "ಕೊನೇ ದಿನ ಎಲ್ಲರನ್ನೂ ಕೂರಿಸಿ ಹೇಳಿದಳಲ್ಲ ಆ ನಡೆಯೋದು ಕಲಿಸೋ ಹುಡುಗಿ. ನೀವಿರಲಿಲ್ವಾ?"

*

ಇದ್ದಳು, ಬಾಗಿಲವರೆಗೆ. ಗಂಡ ಬಾಡಿಗೆ ಕಾರು ತರಲು ಹೋಗಿದ್ದ. ಹಸಿರು ಕೋಟಿನ ಹುಡುಗಿ ಕೈಯಲ್ಲಿ ಒಂದು ಖಾಲಿ ತಟ್ಟೆ ಹಿಡಿದುಕೊಂಡು ವಾರ್ಡಿನ ತುದಿಯಲ್ಲಿ ಕುರ್ಚಿ ಜೋಡಿಸುತ್ತಿದ್ದಳು.

"ಹತ್ತು ನಿಮಿಷ ಇರಿ," ಎಂದಿದ್ದಳು. "ಮನೆಯವರಿಗೆ ಕೆಲವು ತೋರಿಸೋದಿದೆ."

ಕೆಳಗೆ ಕಾರಿನ ಹಾರ್ನ್ ಕೇಳುತ್ತಿತ್ತು. ತಟ್ಟೆಯೊಂದನ್ನು ಹಿಡಿದು ಈ ಎಳೆಹುಡುಗಿ ನನಗೇನು ತೋರಿಸುತ್ತಾಳೆ ಎನ್ನಿಸಿತ್ತು.

"ನಮ್ಮಮ್ಮನ್ನ ಎರಡು ವರ್ಷ ನೋಡ್ಕೊಂಡಿದೀನಿ," ಎಂದಿದ್ದಳು ಸೊಸೆ. "ನಂಗೆಲ್ಲ ಗೊತ್ತು."

*

ವ್ಯಾನು ಬಂತು, ಹೋಯಿತು. ಗಂಡ, ಗಾಜಿನಣ್ಣ, ಬೀದಿಯ ಗಂಡಸರು ಅದರ ಜೊತೆಗೆ ಹೋದರು. ಎದುರು ಹಾಸಿಗೆಯಾಕೆ ಹೊರಡುವಾಗ ಸೊಸೆಯ ಭುಜ ಮುಟ್ಟಿ, "ನೀವು ಮಾಡೋದು ಮಾಡಿದ್ರಿ," ಎಂದಳು. ಅವಳ ಕಣ್ಣಲ್ಲಿ ಪ್ರಶ್ನೆಯೊಂದು ಇತ್ತು. ಕೇಳದೆ ಚಪ್ಪಲಿ ಮೆಟ್ಟಿಕೊಂಡಳು.

ಮನೆಯಲ್ಲಿ ಇಬ್ಬರೇ ಉಳಿದರು. ನಾದಿನಿ ಅಡುಗೆಮನೆಯ ಮಣೆ ಎಳೆದುಕೊಂಡು ಕೂತಳು.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ," ಎಂದಳು. ಬೇಜಾರು ಮಾಡಬೇಕೆಂದೇ ಹೊರಟವರು ಹೀಗೆ ಶುರು ಮಾಡುತ್ತಾರೆ. "ಅಪ್ಪಂಗೆ ನಿನ್ನ ಕೈ ಅಡುಗೆ ಸೇರ್ತಿರಲಿಲ್ಲ. ಹೌದೋ ಅಲ್ವೋ? ನಾನು ಬಂದಾಗೆಲ್ಲ ನೋಡಿದೀನಿ. ಅರ್ಧ ತಟ್ಟೆ ಹಾಗೇ. ಒಂದು ಮಾತು ಹೇಳಿದ್ದಿದ್ರೆ ನಾನು ಕರ್ಕೊಂಡು ಹೋಗ್ತಿರಲಿಲ್ವಾ? ನಾಲ್ಕು ತುತ್ತು ಬಾಯಿಗೆ ರುಚಿಯಾಗಿ ಹಾಕ್ತಿರಲಿಲ್ವಾ?"

ಸೊಸೆ ಮಾವನ ತಟ್ಟೆಯನ್ನು ತೊಳೆಯುತ್ತಿದ್ದಳು. ನಿನ್ನೆ ರಾತ್ರಿಯ ತಟ್ಟೆ. ಎಡಭಾಗದಲ್ಲಿ ಒಣಗಿ ಅಂಟಿಕೊಂಡಿದ್ದ ಅನ್ನ ನೀರಿಗೆ ಬಿಡುತ್ತಿರಲಿಲ್ಲ.

ಒಂದು ವಾಕ್ಯ ಹೇಳಿದರೆ ಸಾಕಿತ್ತು. ನನ್ನ ಅಡುಗೆಯ ದೋಷವಲ್ಲ ಅಕ್ಕ, ಅವರಿಗೆ ಕಾಣುತ್ತಿರಲಿಲ್ಲ. ಅಷ್ಟಕ್ಕೆ ಹದಿನಾಲ್ಕು ತಿಂಗಳ ಮಾತು ತೊಳೆದುಹೋಗುತ್ತಿತ್ತು. ಆಮೇಲೆ ನಾದಿನಿ ಕೇಳುತ್ತಾಳೆ: ನಿನಗೆ ಯಾರೂ ಹೇಳಲಿಲ್ವಾ? ಅದಾದ ಮೇಲೆ ಇನ್ನೊಂದು ಕೇಳುತ್ತಾಳೆ: ಎಷ್ಟು ಬಡಿಸ್ತಿದ್ದೆ?

"ಹೌದು ಅಕ್ಕ," ಎಂದಳು. "ನನ್ನ ಅಡುಗೆ ಅವರಿಗೆ ಸೇರ್ತಿರಲಿಲ್ಲ."

ನಾದಿನಿ ಜಗಳಕ್ಕೆ ಸೊಂಟ ಕಟ್ಟಿ ಕೂತವಳು. ಒಪ್ಪಿಗೆ ಅವಳ ಕೈಗೆ ಸಿಕ್ಕಿದ್ದು ಬೆಳಿಗ್ಗೆ ತಮ್ಮನ ತೋಳಿಗೆ ತಂದೆ ಸಿಕ್ಕ ಹಾಗೆ, ಭಾರವೇ ಇಲ್ಲದೆ. "ಹೋಗಲಿ ಬಿಡು. ನೀನೂ ಏನೂ ತಿಂದಿಲ್ಲ ಬೆಳಿಗ್ಗೆಯಿಂದ," ಎಂದು ಎದ್ದು, ತಾನೇ ಒಲೆ ಹಚ್ಚಿದಳು.

*

ಗಂಡ ಮನೆಗೆ ಬಂದಾಗ ಬಿಸಿಲು ಇಳಿದಿತ್ತು. ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು, ಅಭ್ಯಾಸಬಲದಿಂದ ನೇರ ಅಪ್ಪನ ಕೋಣೆಗೆ ಹೋಗಿ ಅದೇ ಕುರ್ಚಿಯಲ್ಲಿ ಕೂತ. ಮಂಚದ ಎಡಕ್ಕೆ, ಬಾಗಿಲ ಪಕ್ಕದಲ್ಲಿ. ನೀರಿನ ಮೀಟರು ಓದುವ ಕೆಲಸ ಅವನದು. ದಿನವೆಲ್ಲ ಮನೆಮನೆ ಅಲೆದು ಬಂದು ಸಂಜೆ ಅರ್ಧ ಗಂಟೆ ಅಲ್ಲಿ ಕೂರುತ್ತಿದ್ದ. ಯಾವ ಬೀದಿಯ ನಾಯಿ ಅಟ್ಟಿಸಿಕೊಂಡು ಬಂತು, ಯಾರ ಮನೆ ಮೀಟರು ನಿಂತಿದೆ ಎಂದೆಲ್ಲ ಹೇಳುವನು. ಅವನು ಮಾತು ತೆಗೆದೊಡನೆ ಅಪ್ಪ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು. ಅಂಗಡಿ ನನ್ನಿಂದಾಗುವುದಿಲ್ಲ, ಯಾರಿಗಾದರೂ ಕೊಟ್ಟುಬಿಡೋಣ ಎಂದು ಅವನು ಹೇಳಿದ ವಾರಕ್ಕೇ ಅವರಿಗೆ ಸ್ಟ್ರೋಕ್ ಹೊಡೆದದ್ದು. ಗೋಡೆಯ ಕಡೆ ತಿರುಗಿದ ಮುಖಕ್ಕೆ ಅವನು ಬೇರೆ ಅರ್ಥ ಹುಡುಕಲಿಲ್ಲ.

ಸೊಸೆ ಬಾಗಿಲಲ್ಲಿ ನಿಂತಳು.

"ಅಕ್ಕ?" ಎಂದ ಗಂಡ.

"ಮಲಗಿದಾರೆ."

ಅವನು ಖಾಲಿ ಮಂಚ ನೋಡುತ್ತಿದ್ದ. "ಒಂದು ಸಲ, ನೆನಪಿದೆಯಾ? ನೀನು ಮಾತ್ರೆ ಕೊಡೋಕೆ ಬಂದಿದ್ದೆ. ನಾನು ಇಲ್ಲೇ ಕೂತಿದ್ದೆ, ಕೈ ಚಾಚಿದರೆ ಸಿಗೋ ಅಷ್ಟು ಹತ್ತಿರ. ನಿನ್ನನ್ನ ಏನು ಕೇಳಿದರು ಹೇಳು."

ಅವಳಿಗೆ ನೆನಪಿತ್ತು. ನನ್ನ ಮಗ ಈ ಕಡೆ ಬರೋದೇ ಇಲ್ವಲ್ಲಮ್ಮ, ಎಂದಿದ್ದರು ಮಾವ.

"ನಾನು ಅಲ್ಲೇ ಇದೀನಿ, ಅಪ್ಪ ನಾನಿಲ್ಲಿದೀನಿ ಅಂತಿದೀನಿ, ಗೋಡೆ ಕಡೆ ತಿರುಗಿದರು. ಅಷ್ಟು ಸಿಟ್ಟು. ಹೊಡೆದಿದ್ದರೆ ತಡ್ಕೋತಿದ್ದೆ." ಅವನ ದನಿ ಒಡೆಯಲಿಲ್ಲ, ಮೀಟರಿನ ಅಂಕಿ ಓದುವಂತೆ ಸಮವಾಗಿತ್ತು. "ಕೊನೇವರೆಗೂ ಒಂದು ಸಲಾನೂ ನನ್ನ ಕಡೆ ತಿರುಗಲಿಲ್ಲ. ಇವತ್ತು ಬೆಳಿಗ್ಗೆ ಕತ್ತು ತಿರುಗಿಸೋಕೆ ಹೋದೆ ನೋಡು, ಆಗಲೂ."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಎಡದ ಚೌಕಟ್ಟು. ಮಾವನ ಹಣೆ ತಾಕಿದ್ದ ಜಾಗದಲ್ಲಿ ಬಣ್ಣ ಎದ್ದಿತ್ತು. ನಾದಿನಿಗೆ ಹೇಳದೆ ಉಳಿಯಬಹುದಿತ್ತು. ನಾದಿನಿ ನಾಳಿದ್ದು ಬಸ್ಸು ಹತ್ತುತ್ತಾಳೆ. ಇವನು ಇದೇ ಮನೆಯಲ್ಲಿ, ಈ ಕುರ್ಚಿಯಲ್ಲಿ, ಇನ್ನೂ ಮೂವತ್ತು ವರ್ಷ ಕೂತಿರುತ್ತಾನೆ.

"ಏಳಿ," ಎಂದಳು.

"ಯಾಕೆ?"

"ಕುರ್ಚಿ ಆ ಕಡೆ ಹಾಕ್ತೀನಿ. ಮಂಚ ಸರಿಸಬೇಕು, ಒಂದು ಕೈ ಹಿಡೀರಿ."

ಅವನಿಗೆ ಅರ್ಥವಾಗಲಿಲ್ಲ, ಆದರೆ ಎದ್ದ. ಹೆಣ ಹೋದ ಮನೆಯಲ್ಲಿ ಏನಾದರೂ ಮಾಡು ಎಂದರೆ ಮಾಡುವುದು ಸುಲಭ. ಒಂದೊಂದೇ ಇಟ್ಟಿಗೆ ತೆಗೆದರು. ಮಂಚದ ಕಬ್ಬಿಣದ ಕಾಲುಗಳು ನೆಲವನ್ನು ಕೆರೆಯುತ್ತ ಒಂದು ಮಾರು ಈಚೆ ಬಂದವು. ಹದಿಮೂರು ತಿಂಗಳ ಧೂಳು, ಎರಡು ಮಾತ್ರೆ, ಒಂದು ಚಮಚ.

ಗೋಡೆಯ ಬುಡದಲ್ಲಿ ಸುಣ್ಣದ ಪುಡಿ ಹಿಟ್ಟಿನಂತೆ ರಾಶಿ ಬಿದ್ದಿತ್ತು.

ಅದರ ಮೇಲೆ, ಹಾಸಿಗೆಯ ಮಟ್ಟಕ್ಕಿಂತ ಕೆಳಗೆ, ಮಲಗಿದವನ ಬಲಗೈ ಇಳಿಯುವಷ್ಟು ಉದ್ದಕ್ಕೆ, ಗೋಡೆಯೆಲ್ಲ ಗೆರೆಗಳು. ಉಗುರಿನಿಂದ ಕೆರೆದವು. ಸುಣ್ಣ ಎದ್ದು ಒಳಗಿನ ಕಂದು ಗಾರೆ ಕಾಣುತ್ತಿತ್ತು. ಮೇಲೊಂದು ಗೆರೆ, ಬಲಕ್ಕೊಂದು, ಕೆಳಗೊಂದು. ಅದರ ಪಕ್ಕದಲ್ಲಿ ಮತ್ತೊಂದು, ಅದರ ಕೆಳಗೆ ಮತ್ತೊಂದು. ಕೆಲವು ಅಂಗೈಯಷ್ಟು, ಕೆಲವು ಬೆಂಕಿಪೆಟ್ಟಿಗೆಯಷ್ಟು. ಮೂಲೆಗಳು ಮಟ್ಟ ಹಿಡಿದು ಗೀಚಿದಂತಿದ್ದವು. ನೂರಕ್ಕೂ ಹೆಚ್ಚಿದ್ದಿರಬೇಕು.

"ಏನಿದು?" ಎಂದ ಗಂಡ.

ಅವಳು ಕುರ್ಚಿಯನ್ನು ಎತ್ತಿಕೊಂಡು, ಮಂಚದ ಕಾಲ್ದೆಸೆಯಿಂದ ಸುತ್ತಿ ಬಂದು, ಗೋಡೆಗೂ ಮಂಚಕ್ಕೂ ನಡುವೆ ಇಟ್ಟಳು. ಅವನು ಕೂರಲಿಲ್ಲ. ಗೋಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಆಸ್ಪತ್ರೆಯಿಂದ ಬರೋ ದಿನ ಹತ್ತು ನಿಮಿಷ ಇರಿ ಅಂದಿದ್ರು," ಎಂದಳು ಅವಳು. "ನಾನು ಇರಲಿಲ್ಲ."

ಅವನು ತಿರುಗಿ ನೋಡಲಿಲ್ಲ. ತೋರುಬೆರಳನ್ನು ಒಂದು ಕಟ್ಟಿನ ಮೇಲಿನ ಗೆರೆಯ ಮೇಲಿಟ್ಟು ಬಲಕ್ಕೆ ಎಳೆದ. ಮೂಲೆ ತಿರುಗಿಸಿ ಕೆಳಕ್ಕೆ ಬಂದ. ಮತ್ತೆ ತಿರುಗಿಸಿ, ಕೆಳಗಿನ ಗೆರೆಯುದ್ದಕ್ಕೂ ಎಡಕ್ಕೆ. ಗೆರೆ ಮುಗಿಯಿತು. ಮುಂದೆ ಗೋಡೆ ನುಣ್ಣಗೆ, ಬೆಳ್ಳಗೆ, ಹೊಸದಾಗಿ ಬಳಿದಂತಿತ್ತು. ಬೆರಳು ಅಲ್ಲೇ ನಿಂತಿತು, ತುದಿಗೆ ಸುಣ್ಣ ಮೆತ್ತಿಕೊಂಡು.